ಐದನೇ ರೀಲಿನಲ್ಲಿ ಕಣ್ಣೀರು ಹಾಕಿದ ಬಗ್ಗೆ ವಿವರಣೆ

ಇಂದ:
ಆಪರೇಟರ್, ಮೇಲಿನ ಪ್ರೊಜೆಕ್ಟರ್ ಕೋಣೆ
(ಸೇವೆ ಇಪ್ಪತ್ತಮೂರು ವರ್ಷ, ಕಳೆದ ಭಾನುವಾರದವರೆಗೆ ಕಪ್ಪುಚುಕ್ಕೆ ಇಲ್ಲ)

ಗೆ:
ಮಾನ್ಯ ವ್ಯವಸ್ಥಾಪಕರು, ಇದೇ ಚಿತ್ರಮಂದಿರ

ಮೂಲಕ:
ಟಿಕೆಟ್ ಕೌಂಟರ್ (ಓದಿ, ಮೊಹರು ಹಾಕಿ, ಷರಾ ಬರೆದು ಮುಂದೆ ಕಳಿಸುವ ಸಲುವಾಗಿ)

ವಿಷಯ: ನಾಯಿಯ ಸಿನಿಮಾದಲ್ಲಿ ಸತ್ತ ಯಜಮಾನನನ್ನು ಬದುಕಿಸಿದ ಬಗ್ಗೆ ವಿವರಣೆ ಹಾಗೂ ಒಂದು ಕೋರಿಕೆ.

ಉಲ್ಲೇಖ:
1. ಸೋಮವಾರದ ತಮ್ಮ ಮೆಮೊ.
2. ನಿವೃತ್ತ ಹೆಡ್‌ಮಾಸ್ತರರು ದೂರು ಪುಸ್ತಕದಲ್ಲಿ ಬರೆದ ಒಂದೂವರೆ ಪುಟ.
3. "ನಮ್ಮಮ್ಮ ಹೋದಾಗ ಈ ಕಣ್ಣೀರು ಎಲ್ಲಿತ್ತು ರೀ?" ಎಂಬ ಮೌಖಿಕ ಪ್ರಶ್ನೆ.

ಮಾನ್ಯರೇ,

1. ನಮ್ಮ ಚಿತ್ರಮಂದಿರದ ಪದ್ಧತಿಯಂತೆ ಅರ್ಜಿಯಲ್ಲಿ "ನಾನು" ಎಂದು ಬರೆಯುವಂತಿಲ್ಲ, "ಅರ್ಜಿದಾರನು" ಎನ್ನಬೇಕು. ಅದೇ ಪದ್ಧತಿಯಂತೆ ಯಾವ ಕಾಗದವೂ ಟಿಕೆಟ್ ಕೌಂಟರನ್ನು ದಾಟದೆ ತಮ್ಮ ಮೇಜಿಗೆ ಬರುವಂತಿಲ್ಲ. ಸದರಿ ಕೌಂಟರಿನಲ್ಲಿ ಕೂರುವವರು ಅರ್ಜಿದಾರನ ಪತ್ನಿ. ಅವರು ಒಂಬತ್ತು ದಿನಗಳಿಂದ ತಮ್ಮ ಅಣ್ಣನ ಮನೆಯಿಂದ ಕೆಲಸಕ್ಕೆ ಬರುತ್ತಿದ್ದು, ಅರ್ಜಿದಾರನೊಂದಿಗೆ ಮಾತು ಬಿಟ್ಟಿದ್ದಾರೆ. ಆದರೆ ಕಾಗದವನ್ನು ಪೂರ್ತಿ ಓದದೆ ಮೊಹರು ಒತ್ತುವ ಅಭ್ಯಾಸ ಅವರಿಗಿಲ್ಲ. ಅರ್ಜಿದಾರನು ಇದೊಂದನ್ನೇ ನಂಬಿಕೊಂಡು ಈ ಅರ್ಜಿ ಬರೆಯುತ್ತಿದ್ದಾನೆ.

2. ಈಗ ಓಡುತ್ತಿರುವ ಸಿನಿಮಾದ ಕಥೆ ತಮಗೆ ತಿಳಿದಿರಲಾರದು, ಕಾರಣ ತಾವು ಸಿನಿಮಾ ನೋಡುವುದಿಲ್ಲ, ಜನರನ್ನು ನೋಡುತ್ತೀರಿ. ಒಂದು ನಾಯಿ. ಅದರ ಯಜಮಾನ ಕಾರ್ಖಾನೆಯಲ್ಲಿ ಫಿಟ್ಟರ್. ದಿನವೂ ಸಂಜೆ ನಾಯಿ ಗೇಟಿನ ಹೊರಗೆ ಕಾದಿರುತ್ತದೆ, ಆತ ಸೈಕಲ್ಲಿನ ಬೆಲ್ ಹೊಡೆಯುತ್ತ ಬರುತ್ತಾನೆ. ನಾಲ್ಕನೇ ರೀಲಿನಲ್ಲಿ ಆತ ಒಳಗೇ ತೀರಿಕೊಳ್ಳುತ್ತಾನೆ. ನಾಯಿಗೆ ಯಾರೂ ತಿಳಿಸುವುದಿಲ್ಲ. ಐದನೇ ರೀಲಿನಲ್ಲಿ ಅದಕ್ಕೆ ವಯಸ್ಸಾಗಿದೆ. ಎಲ್ಲೋ ಸೈಕಲ್ ಬೆಲ್ ಕೇಳುತ್ತದೆ. ನಾಯಿ ಕಿವಿ ನಿಮಿರಿಸಿ ಎದ್ದು ನಿಲ್ಲುತ್ತದೆ. ಬಂದವನು ಬೇರೆ ಯಾರೋ. ಅದು ಮತ್ತೆ ಕೂರುತ್ತದೆ. ಆರನೇ ರೀಲಿನ ವಿಚಾರ ಬೇಡ.

3. ಅರ್ಜಿದಾರನು ಇಪ್ಪತ್ತಮೂರು ವರ್ಷಗಳಲ್ಲಿ ಸಾವಿರಾರು ಸಾವುಗಳನ್ನು ತೆರೆಗೆ ಬಿಟ್ಟವನು. ನಾಯಕಿಯರು ಕೆಮ್ಮಿ ಕೆಮ್ಮಿ ಸಾಯುವಾಗ ಟಿಫನ್ ಬಾಕ್ಸ್ ಬಿಚ್ಚಿ ಊಟ ಮಾಡಿದವನು. ಅಂಥವನು ಈ ಬೆಲ್ಲಿನ ಜಾಗಕ್ಕೆ ಬರುತ್ತಲೇ ಬಿಕ್ಕಿ ಬಿಕ್ಕಿ ಅಳತೊಡಗಿದನು. ದಿನಕ್ಕೆ ನಾಲ್ಕು ಆಟ, ನಾಲ್ಕು ಸಲ ಅಳು. ಎರಡನೇ ವಾರ ಚಹಾ ತಂದ ಪತ್ನಿ ಈ ದೃಶ್ಯವನ್ನು ಬಾಗಿಲಲ್ಲೇ ನಿಂತು ನೋಡಿ, ಉಲ್ಲೇಖ 3ರ ಪ್ರಶ್ನೆ ಕೇಳಿದರು.

4. ಪ್ರಶ್ನೆ ನ್ಯಾಯವಾದದ್ದು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ದಿನ ಮನೆತುಂಬ ಜನ ಅಳುತ್ತಿದ್ದರು, ಅರ್ಜಿದಾರನು ಬಾಡಿಗೆ ಕುರ್ಚಿಗಳನ್ನು ಎಣಿಸುತ್ತಿದ್ದನು. ತರಿಸಿದ್ದು ನಲವತ್ತು ಕುರ್ಚಿ. ಮೂರು ಸಲ ಎಣಿಸಿದನು. "ಕಲ್ಲು ಕಣೋ ನಿನ್ನ ಭಾವ" ಎಂದು ಯಾರೋ ದೊಡ್ಡಮ್ಮ ಪತ್ನಿಯ ತಮ್ಮನಿಗೆ ಹೇಳಿದ್ದೂ ಕೇಳಿಸಿತು.

5. ಆದ್ದರಿಂದ ಅರ್ಜಿದಾರನು ಉತ್ತರ ಕೊಡಲು ಬಾಯಿ ತೆರೆದನು. ಆತನ ಬಾಯಿಂದ ಹೊರಟ ಮಾತು ಯಥಾವತ್ತಾಗಿ ಹೀಗಿತ್ತು: "ಆ ನಾಯೀನ ನೋಡಿದ್ರೆ ನಂಗೆ ನಿಮ್ಮಮ್ಮ..."

ಅರ್ಧ ವಾಕ್ಯ ಬಾಕಿ ಇತ್ತು. ಅದನ್ನು ಕೇಳುವ ತಾಳ್ಮೆ ಆ ಹೊತ್ತಿನಲ್ಲಿ ಯಾವ ಮಗಳಿಗೂ ಇರಲಾರದು. ಸಂಜೆಗೆ ಪತ್ನಿ ಬಟ್ಟೆಬರೆ ಕಟ್ಟಿಕೊಂಡು ಅಣ್ಣನ ಮನೆ ಸೇರಿದರು. ಬಾಕಿ ಅರ್ಧವನ್ನು ಈ ಕೆಳಗೆ ಸಲ್ಲಿಸಲಾಗಿದೆ.

6. ಅತ್ತೆ ನಮ್ಮೊಂದಿಗೆ ಹನ್ನೊಂದು ವರ್ಷ ಇದ್ದರು. ಬೆಳಗಿನ ಆಟ ಮುಗಿಸಿ ಅರ್ಜಿದಾರನು ಒಂದೂಕಾಲಿಗೆ ಊಟಕ್ಕೆ ಮನೆಗೆ ಹೋಗುತ್ತಿದ್ದನು. ಅತ್ತೆ ಒಂದು ಗಂಟೆಗೇ ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಂಡಿನೋವಿನವರು, ಗೋಡೆ ಹಿಡಿದು ಕೂರಬೇಕಿತ್ತು. ಓಣಿಯ ತಿರುವಿನಲ್ಲಿ ಸೈಕಲ್ ಬೆಲ್ ಕೇಳಿದೊಡನೆ ಗೋಡೆ ಹಿಡಿದು ಏಳುತ್ತಿದ್ದರು. "ಬಂದ್ರಾ? ಕೈ ತೊಳ್ಕೊಳ್ಳಿ" ಎಂಬ ಎರಡು ಮಾತು ಬಿಟ್ಟರೆ ಅಳಿಯನೊಂದಿಗೆ ಅವರಿಗೆ ಹೆಚ್ಚಿನ ಮಾತಿರಲಿಲ್ಲ. ರೀಲು ತುಂಡಾಗಿ ಅರ್ಧ ಗಂಟೆ ತಡವಾದ ದಿನವೂ ಅವರು ಅಲ್ಲೇ ಇರುತ್ತಿದ್ದರು, ಉಂಡಿರುತ್ತಿರಲಿಲ್ಲ. ಆ ಹೊತ್ತಿಗೆ ಕೌಂಟರಿನವರು ಇಲ್ಲಿ ಮ್ಯಾಟಿನಿಯ ಟಿಕೆಟ್ ಹರಿಯುತ್ತಿದ್ದ ಕಾರಣ ಈ ಸಂಗತಿ ಅವರ ಗಮನಕ್ಕೆ ಬಂದಿಲ್ಲ. ಅತ್ತೆ ಹೇಳಿಕೊಳ್ಳುವವರಲ್ಲ. ಅರ್ಜಿದಾರನೂ ಅದೇ ಜಾತಿಯವನು.

7. ಅತ್ತೆ ಹೋದ ಮೇಲೆ ಅರ್ಜಿದಾರನು ಮಧ್ಯಾಹ್ನ ಮನೆಗೆ ಹೋಗುವುದನ್ನು ಬಿಟ್ಟು ಕೋಣೆಯಲ್ಲೇ ಬುತ್ತಿ ಬಿಚ್ಚುತ್ತಿದ್ದಾನೆ. ಬಿಸಿಲಿನ ಕಾರಣ ಎಂದು ಪತ್ನಿಗೆ ಹೇಳಿದ್ದು ಸುಳ್ಳು. ಒಂದೇ ಒಂದು ದಿನ ಹೋಗಿದ್ದನು. ಅಭ್ಯಾಸಬಲದಿಂದ ತಿರುವಿನಲ್ಲಿ ಬೆಲ್ ಹೊಡೆದನು. ಮೆಟ್ಟಿಲು ಖಾಲಿ ಇತ್ತು. ನನಗೆ ಊಟ ಸೇರಲಿಲ್ಲ. (ಪದ್ಧತಿ ಮೀರಿ "ನನಗೆ" ಎಂದು ಬರೆದದ್ದಕ್ಕೆ ಕ್ಷಮೆ ಇರಲಿ.)

8. ಇನ್ನು ತಮ್ಮ ಮೆಮೊ ವಿಚಾರ. ಭಾನುವಾರ ಸಂಜೆಯ ಆಟದಲ್ಲಿ ಕಣ್ಣು ಮಂಜಾಗಿ, ಆರನೆಯದೆಂದು ತಿಳಿದು ಎರಡನೇ ರೀಲು ಹಾಕಿದ್ದು ನಿಜ. ಮುದಿ ನಾಯಿ ಗೇಟಿನಲ್ಲಿ ಕೂತಿರುವಾಗ ಗೇಟು ತೆರೆದು ಯಜಮಾನನೇ ಬೆಲ್ ಹೊಡೆಯುತ್ತ ಹೊರಬಂದನು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ಮಾತ್ರ "ಸತ್ತವನು ಬಂದದ್ದು ಹೇಗೆ, ನಾಯಿಗೆ ಪ್ರಾಯ ಮರಳಿದ್ದು ಹೇಗೆ" ಎಂದು ಲಿಖಿತ ವಿವರಣೆ ಕೇಳಿದ್ದಾರೆ. ತಪ್ಪು ಗೊತ್ತಾದ ಮೇಲೂ ಅರ್ಜಿದಾರನು ಯಂತ್ರ ನಿಲ್ಲಿಸಲಿಲ್ಲ. ಅದು ತಪ್ಪಲ್ಲ, ಉದ್ದೇಶಪೂರ್ವಕ.

ಆದ್ದರಿಂದ ತಾವು ದಯಮಾಡಿ,
(ಅ) ಸದರಿ ಉದ್ದೇಶವನ್ನು ಮನ್ನಿಸಬೇಕು;
(ಆ) ಹೆಡ್‌ಮಾಸ್ತರರಿಗೆ ಇನ್ನೊಂದು ಆಟದ ಪಾಸು ಕೊಟ್ಟು, ಆರನೇ ರೀಲು ತೋರಿಸಿ ಅಳಿಸಬೇಕು;
(ಇ) ಈ ಅರ್ಜಿ ತಮ್ಮ ಮೇಜಿಗೆ ಬರುವುದು ತಡವಾದರೆ ಕೌಂಟರಿನವರನ್ನು ಗದರಬಾರದು. ಅವರು ಎರಡು ಸಲ ಓದುತ್ತಿರಬಹುದು. ಅವರ ಬಳಿಯೇ ಉಳಿದರೂ ಅರ್ಜಿದಾರನ ಆಕ್ಷೇಪಣೆ ಇಲ್ಲ.

ಇನ್ನೊಬ್ಬರ ವಿಶ್ವಾಸ ಮರಳುವವರೆಗೆ ತಮ್ಮೊಬ್ಬರ ವಿಶ್ವಾಸಿ,
ಆಪರೇಟರ್

ಲಗತ್ತುಗಳು:
1. ಒದ್ದೆಯಾದ ಕರವಸ್ತ್ರ, ಒಂದು.
2. ಕುರ್ಚಿಗಳ ಪಟ್ಟಿ (ಒಂದೇ ದಿನ, ಮೂರು ಪ್ರತಿ, ಲೆಕ್ಕ ಪ್ರತಿಸಲ ಬೇರೆ).

ಕೌಂಟರಿನ ಷರಾ:

ಪೂರ್ತಿ ಓದಲಾಗಿದೆ. ವ್ಯವಸ್ಥಾಪಕರಿಗೆ ಕಳಿಸುವ ಅಗತ್ಯ ಕಂಡುಬರುವುದಿಲ್ಲ. ಅವರಿಗೆ "ಕಣ್ಣಿಗೆ ಧೂಳು ಬಿತ್ತು" ಎಂದು ಬೇರೆ ಬರೆದುಕೊಟ್ಟರೆ ಸಾಕು. ಲಗತ್ತು ಒಂದನ್ನು ಒಗೆಯಲು ಇಟ್ಟುಕೊಳ್ಳಲಾಗಿದೆ. ನಾಳೆ ಮ್ಯಾಟಿನಿಯ ಟಿಕೆಟ್ ಗೇಟ್‌ಕೀಪರ್ ಕೊಡುತ್ತಾರೆ. ಅರ್ಜಿದಾರರು ಒಂದೂಕಾಲಿಗೆ ಊಟಕ್ಕೆ ಮನೆಗೇ ಬರತಕ್ಕದ್ದು. ತಿರುವಿನಲ್ಲಿ ಬೆಲ್ ಹೊಡೆಯತಕ್ಕದ್ದು.