ಗಂಟೆಗೆ ಆರು ಕಿಲೋಮೀಟರಿನ ಭಾವ

ನಮ್ಮ ಭಾವ ಹುಟ್ಟುವಾಗಲೂ ಕಾಯಲಿಲ್ಲವಂತೆ. ಸೂಲಗಿತ್ತಿ ಹಿತ್ತಲಲ್ಲಿ ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಇವರು ಹುಟ್ಟಿ, ಅತ್ತು, ಒಂದು ಸುತ್ತು ನಿದ್ದೆಯನ್ನೂ ಮುಗಿಸಿದ್ದರು ಎಂದು ಅವರ ಅಮ್ಮನೇ ಹೇಳುತ್ತಿದ್ದರು. ನಾನು ಇದನ್ನು ಪೂರ್ತಿ ನಂಬುತ್ತೇನೆ. ಅವರ ಪಕ್ಕದಲ್ಲಿ ಒಮ್ಮೆ ಊಟಕ್ಕೆ ಕೂತರೆ ನೀವೂ ನಂಬುತ್ತೀರಿ. ಎಲೆಯ ತುದಿಗೆ ಉಪ್ಪು ಬೀಳುವ ಹೊತ್ತಿಗೆ ಪಾಯಸ ಎಲ್ಲಿ ಎಂದು ಕೇಳುವ ಜನ ಅವರು.

ಭಾವ ಎಂದರೆ ನನ್ನ ಅಕ್ಕನ ಗಂಡ. ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೇ ಕಟ್ಟಡವೊಂದರಲ್ಲಿ ಅವರದು ಎರಡನೇ ಮಹಡಿ, ನನ್ನದು ಮೂರನೆಯದು. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಿಂದ ಕೆಲಸಗಾರರನ್ನು ಬಸ್ಸಿಗೆ ಹತ್ತಿಸಿ ಸೈಟುಗಳಿಗೆ ಕಳಿಸುವುದು ಅವರ ಉದ್ಯೋಗ. ಮೊದಲ ಬಸ್ಸು ಬೆಳಗಿನ ಜಾವ ನಾಲ್ಕಕ್ಕೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನಾಲ್ಕು ಹೊಡೆದು ಒಂದು ನಿಮಿಷ ಆದದ್ದಿಲ್ಲ. ಈ ಕೆಲಸದಿಂದ ಅವರಿಗೆ ಅವಸರ ಬಂತೋ, ಅವಸರದಿಂದಾಗಿ ಈ ಕೆಲಸ ಸಿಕ್ಕಿತೋ, ನಮಗೆ ಯಾರಿಗೂ ಗೊತ್ತಿಲ್ಲ.

ಎಂಟು ಗಂಟೆಗೆ ಊಟಕ್ಕೆ ಬನ್ನಿ ಎಂದರೆ ಆರೂವರೆಗೇ ಬೆಲ್ ಒತ್ತುತ್ತಾರೆ. ನಾನು ನೈಟಿಯಲ್ಲಿ, ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲು ತೆರೆದರೆ, "ಏನೂ ಅವಸರ ಇಲ್ಲ ಮಾರಾಯ್ತಿ, ನೀನು ನಿಧಾನಕ್ಕೆ ಮಾಡು," ಎಂದು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೂರು ವಿಶಲ್ ಆಗಬೇಕಾದ ಕುಕ್ಕರನ್ನು ಎರಡಕ್ಕೇ ಎದ್ದು ಆಫ್ ಮಾಡುತ್ತಾರೆ. ಒಂದು ಸಲ ನಾವೆಲ್ಲ ಅರೆಬೆಂದ ಬೇಳೆಯ ಸಾರು ಉಣ್ಣಬೇಕಾಯಿತು. "ಕಚ್ಚಲಿಕ್ಕೆ ಸಿಗ್ತದೆ, ಒಳ್ಳೇದುಂಟು," ಎಂದವರು ಅವರೊಬ್ಬರೇ.

ದೋಹಾದಲ್ಲಿ ಕರಕ್ ಚಹಾದ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. ಉಳಿದವರು ಅಂಗಡಿಯ ಮುಂದೆ ಹಾರ್ನ್ ಹೊಡೆದರೆ ಭಾವ ಹಿಂದಿನ ಸಿಗ್ನಲಿನಿಂದಲೇ ಶುರು ಮಾಡುತ್ತಾರೆ. ಲಿಫ್ಟಿನ ಬಟನ್ ಒತ್ತಿ, ಅದು ಬರುವ ಮೊದಲೇ ಮೆಟ್ಟಿಲಿಳಿದು, ಕೆಳಗೆ ನಿಂತು, ಖಾಲಿ ಬಂದ ಲಿಫ್ಟಿಗೆ ಬೈಯುತ್ತಾರೆ. ರೌಂಡ್‌ಅಬೌಟಿನಲ್ಲಿ ಅವರು ಇನ್ನೊಬ್ಬರಿಗೆ ದಾರಿ ಬಿಟ್ಟದ್ದನ್ನು ನೋಡಿದವರು ಕತಾರಿನಲ್ಲಿ ಇಲ್ಲವೇ ಇಲ್ಲ.

ಇಂಥವರ ಒಬ್ಬಳೇ ಮಗಳು ಶ್ರೇಯಾ. ಅವಳಿಗೆ ಹಾಲೆಂಡಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಕಾಲುವೆ, ಕಟ್ಟೆ, ನೆರೆ ಎಂದು ನೀರಿನ ಬಗ್ಗೆಯೇ ಓದುವ ಇಂಜಿನಿಯರಿಂಗ್ ಅಂತೆ. ಆ ಊರಿನ ಹೆಸರು ಹೇಳಬೇಕಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವರ ಹಾಗೆ ಮಾಡಬೇಕು, ಆದ್ದರಿಂದ ನಾನು ಹೇಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಹಾಸ್ಟೆಲಿನ ಕಚೇರಿಯಲ್ಲಿ ಹಾಜರಿರಬೇಕು, ತಪ್ಪಿದರೆ ರೂಮು ವೇಟಿಂಗ್ ಲಿಸ್ಟಿನವರಿಗೆ ಹೋಗುತ್ತದೆ ಎಂದು ಮೂರು ಸಲ ಮೇಲ್ ಬಂದಿತ್ತು. ರೂಮಿಲ್ಲದೆ ಆ ಊರಿನಲ್ಲಿ ಓದುವ ಮಾತೇ ಇಲ್ಲ. ಹೋಗಿ ಬಿಟ್ಟು ಬರುವ ಏರ್ಪಾಡೆಲ್ಲ ಭಾವನದು. ವಿಮಾನ ನಿಲ್ದಾಣದಿಂದ ಅಲ್ಲಿಗೆ ರೈಲಿನಲ್ಲಿ ಒಂದೇ ಗಂಟೆ.

ಭಾವ ದೋಣಿ ಬುಕ್ ಮಾಡಿದರು.

ಒಂದು ವಾರದ ಬಾಡಿಗೆಗೆ, ಕಾಲುವೆಯಲ್ಲಿ ಹೋಗುವ ದೋಣಿ! ಒಳಗೆ ಎರಡು ಪುಟ್ಟ ಮಲಗುವ ಕೋಣೆ, ಒಲೆ, ಕಕ್ಕಸು, ಎಲ್ಲ ಉಂಟು. ಓಡಿಸಲಿಕ್ಕೆ ಲೈಸೆನ್ಸೂ ಬೇಡ, ಏಕೆಂದರೆ ಓಡುವುದು ಗಂಟೆಗೆ ಆರು ಕಿಲೋಮೀಟರು. ಅಕ್ಕ ಫೋನಿನಲ್ಲಿ ಆ ದೋಣಿಯ ಚಿತ್ರ ನೋಡಿ, "ನಿಮಗೆ ತಲೆಗೆ ಬಿಸಿಲು ಹತ್ತಿತಾ ಹೇಗೆ?" ಎಂದು ಕೇಳಿದಳು.

"ಲಗೇಜು ಎಷ್ಟುಂಟು ನೋಡು," ಎಂದರು ಭಾವ. "ರೈಲಿಗೆ ಹತ್ತಿಸಿ ಇಳಿಸುವುದು ಯಾರು? ದೋಣಿಯಾದರೆ ಒಂದು ಸಲ ಇಟ್ಟರೆ ಖಲಾಸ್."

ಲಗೇಜು ಇದ್ದದ್ದು ನಿಜ. ನಾಲ್ಕು ಸೂಟ್‌ಕೇಸು, ಕುಕ್ಕರು, ಕುಚ್ಚಲಕ್ಕಿ, ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಊರಿಗೆ ಹೋಗುವಾಗ ಮಾಡುವ ಹಾಗೆಯೇ ಅದಕ್ಕೆ ನೀಲಿ ಹಗ್ಗ ಅಡ್ಡಡ್ಡ ಬಿಗಿದು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ತಮ್ಮ ಹೆಸರನ್ನೂ "ಮಂಗಳೂರು" ಎಂದೂ ಬರೆದಿದ್ದರು. ಮಂಗಳೂರು ಎಂತಕ್ಕೆ ಭಾವ ಎಂದರೆ, "ಕೈ ಅಭ್ಯಾಸ ಮಾರಾಯ್ತಿ," ಎಂದರು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹಾಗಾಗಿ ಭಾವ, ಅಕ್ಕ, ಶ್ರೇಯಾ ಮತ್ತು ನಾನು ಹೊರಟೆವು. ವಿಮಾನಕ್ಕೆ ಐದು ಗಂಟೆ ಮೊದಲೇ ನಿಲ್ದಾಣ ಸೇರಿದೆವು ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ದಿನ ಭಾವ ನಮಗೆ ಗೊತ್ತಿದ್ದ ಭಾವನೇ ಆಗಿದ್ದರು. ದೋಣಿಯವನು ಅರ್ಧ ಗಂಟೆ ಪಾಠ ಹೇಳಬೇಕೆಂದಿದ್ದ. ಇವರು ಐದೇ ನಿಮಿಷಕ್ಕೆ "ಓಕೆ, ಓಕೆ, ಯಲ್ಲಾ" ಎಂದು ಅವನನ್ನು ದಡಕ್ಕೆ ಇಳಿಸಿಬಿಟ್ಟರು. ದೋಣಿ ಹೊರಟಿತು. ದಡದ ದಾರಿಯಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಅಜ್ಜಿ ನಡೆಯುತ್ತಿದ್ದರು. ಭಾವ ಎಷ್ಟು ಒತ್ತಿದರೂ ದೋಣಿ ಅಜ್ಜಿಯನ್ನು ದಾಟಲೇ ಇಲ್ಲ. ಮುಕ್ಕಾಲು ಗಂಟೆ ಜೊತೆಯಾಗಿ ಸಾಗಿದ ಮೇಲೆ ಅಜ್ಜಿ ತಮ್ಮ ಮನೆ ಬಂತೆಂದು ನಮಗೆ ಟಾಟಾ ಮಾಡಿ ಒಳಗೆ ಹೋದರು. "ನಾಯಿ ಇಲ್ಲದಿದ್ದರೆ ಇನ್ನೂ ಬೇಗ ಮುಟ್ಟುತ್ತಿದ್ದರು," ಎಂದಳು ಅಕ್ಕ.

ಮುಂದೆ ಒಂದು ಸೇತುವೆ. ಅದನ್ನು ಎತ್ತಿದರೆ ಮಾತ್ರ ದೋಣಿಗೆ ದಾರಿ. ಭಾವ ಕರಕ್ ಚಹಾಕ್ಕೆ ಹೊಡೆಯುವ ಹಾಗೆ ಹಾರ್ನ್ ಹೊಡೆದರು. ಒಬ್ಬ ಮುದುಕ ಆರಾಮವಾಗಿ ಸೈಕಲಿನಲ್ಲಿ ಬಂದು, ಸೈಕಲಿಗೆ ಬೀಗ ಹಾಕಿ, ಸೇತುವೆ ಎತ್ತಿ, ಗಾಳದ ಕೋಲಿನ ತುದಿಗೆ ಕಟ್ಟಿದ ಒಂದು ಮರದ ಬೂಟನ್ನು ನಮ್ಮ ಮೂಗಿನ ಮುಂದೆ ಇಳಿಬಿಟ್ಟ. ಸೇತುವೆಯ ಕಾಣಿಕೆ ಅದರಲ್ಲಿ ಹಾಕಬೇಕಂತೆ. ಚಿಲ್ಲರೆ ಹುಡುಕುವಷ್ಟು ತಾಳ್ಮೆ ಭಾವನಿಗೆಲ್ಲಿ? ಅಕ್ಕನ ಕೈಯಲ್ಲಿದ್ದ ಚಕ್ಕುಲಿ ಕಿತ್ತು ಬೂಟಿಗೆ ಹಾಕಿ, "ಗೋ, ಗೋ," ಎಂದರು. ಮುದುಕ ಅದನ್ನು ಮೂಸಿ, ಕಚ್ಚಿ, ಯೋಚಿಸಿ, ಬೂಟನ್ನು ಮತ್ತೆ ಇಳಿಬಿಟ್ಟ. ಈ ಸಲ ಕಾಣಿಕೆಗಲ್ಲ, ಇನ್ನೊಂದು ಚಕ್ಕುಲಿಗೆ.

ಎರಡನೇ ದಿನದಿಂದ ಏನೋ ಆಯಿತು. ಆ ದಿನ ಮೊದಲ ಲಾಕ್ ಸಿಕ್ಕಿತು. ಲಾಕ್ ಎಂದರೆ ನೀರಿನ ಲಿಫ್ಟು ಎಂದುಕೊಳ್ಳಿ. ಎರಡು ಗೇಟುಗಳ ನಡುವೆ ನಾಲ್ಕೈದು ದೋಣಿಗಳನ್ನು ಸೇರಿಸಿ, ನೀರನ್ನು ಏರಿಸಿಯೋ ಇಳಿಸಿಯೋ ಮುಂದಿನ ಕಾಲುವೆಯ ಮಟ್ಟಕ್ಕೆ ತಂದು ಆಚೆ ಬಿಡುತ್ತಾರೆ. ಹಸಿರು ದೀಪ ಹತ್ತಿತು, ನಾವೇ ಮೊದಲಿಗರು. ಭಾವ ಹಿಂದಿನ ದೋಣಿಯವರಿಗೆ ಕೈ ಬೀಸಿ, "ಯು ಗೋ, ಯು ಗೋ," ಎಂದರು. ಅವರು ಹೋದರು, ಅವರ ಹಿಂದಿನವರೂ ಹೋದರು, ಗೇಟು ಮುಚ್ಚಿತು. ಎರಡನೇ ಸರದಿಯಲ್ಲೂ ಅದೇ ಕತೆ. ನಾನು ಮತ್ತು ಅಕ್ಕ ಮುಖ ಮುಖ ನೋಡಿಕೊಂಡೆವು.

"ಜ್ವರ ಉಂಟಾ ಇವರಿಗೆ?" ಎಂದು ಅಕ್ಕ ಅವರ ಹಣೆ ಮುಟ್ಟಿ ನೋಡಿದಳು.

"ಬೇರೆಯವರ ಊರು ಮಾರಾಯ್ತಿ, ಸ್ವಲ್ಪ ಮರ್ಯಾದೆ ಬೇಕಲ್ವಾ," ಎಂದರು ಭಾವ. ಇಪ್ಪತ್ತು ವರ್ಷದಿಂದ ಇದ್ದ ಕತಾರೂ ಬೇರೆಯವರದೇ ಎಂದು ನೆನಪಿಸುವ ಮನಸ್ಸಾಯಿತು.

ಮೂರನೇ ದಿನ ಇಂಜಿನಿನ ಸದ್ದು ಸರಿಯಿಲ್ಲ ಎಂದು ಹೇಳಿ ಅರ್ಧ ದಿನ ದಡಕ್ಕೆ ಕಟ್ಟಿದರು. ಮುಚ್ಚಳ ತೆಗೆದು, ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿದರು. ನಾಲ್ಕನೇ ದಿನ ಕವಲಿನಲ್ಲಿ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದರು. ದೋಹಾದ ಗಲ್ಲಿಗಲ್ಲಿಯ ಅಡ್ಡದಾರಿ ಬಲ್ಲ ಮನುಷ್ಯ! ಆಮೇಲೆ ಪ್ರತಿ ತಿರುವಿಗೂ ಚಹಾ, ಪ್ರತಿ ಚಹಾಕ್ಕೂ ದಡ. ಶ್ರೇಯಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಈ ಕಾಲುವೆ ತೋಡಿದ್ದು ಯಾರು, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದೇ ಕೇಳುವುದು. ಅವಳು ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಉತ್ತರ ಹೇಳುವಾಗ ಇವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

ಗುರುವಾರ ಶ್ರೇಯಾಳಿಗೆ ಅಳುವೇ ಬಂತು. "ಪಪ್ಪ, ಪ್ಲೀಸ್. ಟುಮಾರೋ ಟೆನ್ ಓ ಕ್ಲಾಕ್. ಲೇಟ್ ಆದ್ರೆ ನನ್ನ ರೂಮ್ ಹೋಗ್ತದೆ."

"ಮುಟ್ಟುವ ಮಗಾ, ಮುಟ್ಟುವ. ಟೈಮ್ ಉಂಟು," ಎಂದರು. ಈ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಸಂಜೆ ಐದೂವರೆಗೆ ಕೊನೆಯ ಲಾಕಿಗೆ ಬಂದೆವು. ಅದು ಮುಚ್ಚುವುದು ಆರಕ್ಕೆ, ಮರುದಿನ ತೆರೆಯುವುದು ಒಂಬತ್ತಕ್ಕೆ. ಅಲ್ಲಿಂದ ಊರಿಗೆ ಎರಡು ಗಂಟೆಯ ದಾರಿ. ಎಂದರೆ ಈಗ ದಾಟದಿದ್ದರೆ ರೂಮು ಹೋಯಿತು. ಹಸಿರು ದೀಪ ಹತ್ತಿತು. ಭಾವ ಹಿಂದಿನವರಿಗೆ ಕೈ ಬೀಸಿದರು. ನಾಲ್ಕು ದೋಣಿ ಹೋಯಿತು, ಬಂತು ಇನ್ನೊಂದು ಸರದಿ, ಅದಕ್ಕೂ ಕೈ ಬೀಸಿದರು. ಲಾಕ್ ನೋಡಿಕೊಳ್ಳುವ ಹೆಂಗಸು ದಡದ ಮೇಲೆ ಬಂದು ನಿಂತು, ಇದೇ ಕೊನೆಯದು, ನೀವು ಬರುತ್ತೀರೋ ಇಲ್ಲವೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಭಾವ ಸುಮ್ಮನೆ ಸ್ಟಿಯರಿಂಗ್ ಹಿಡಿದುಕೊಂಡು ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮಗೆ ಮರ್ಲಾ, ಹುಚ್ಚಾ ಭಾವ? ಆ ಮಗುವಿನ ಮುಖ ನೋಡಿ ಒಮ್ಮೆ," ಎಂದೆ.

ಅಕ್ಕ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಅವಳು ಗಂಡನ ಪಕ್ಕಕ್ಕೆ ಹೋಗಿ, ಮೆಲ್ಲಗೆ, ಅವರಿಗೂ ನನಗೂ ಮಾತ್ರ ಕೇಳುವ ಹಾಗೆ ಹೇಳಿದಳು. "ರೂಮ್ ಹೋದ್ರೆ ಅವಳು ನಮ್ಮೊಟ್ಟಿಗೆ ವಾಪಸ್ ಬರ್ತಾಳೆ ಅಂತ ಗ್ರಹಿಸಿದ್ರಾ? ಅವಳು ಬರುವುದಿಲ್ಲ. ಅತ್ತುಕೊಂಡು ಇಲ್ಲೇ ಎಲ್ಲಾದರೂ ಇರ್ತಾಳೆ. ಹೋಗುವ, ಬನ್ನಿ."

ಭಾವ ಹ್ಯಾಂಡಲ್ ಮುಂದಕ್ಕೆ ಒತ್ತಿದರು. ದೋಣಿ ಲಾಕಿನೊಳಗೆ ಹೋಯಿತು, ಹಿಂದಿನ ಗೇಟು ಮುಚ್ಚಿತು. ಮರುದಿನ ಒಂಬತ್ತೂಮುಕ್ಕಾಲಿಗೆ ಶ್ರೇಯಾ ಕಚೇರಿಯ ಸಾಲಿನಲ್ಲಿ ಮೊದಲನೆಯವಳಾಗಿ ನಿಂತಿದ್ದಳು.

ದೋಣಿಯನ್ನು ಆ ಊರಿನಲ್ಲೇ ಒಪ್ಪಿಸಿ ನಾವು ಮೂವರು ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟೆವು. ಅಕ್ಕ ಅತ್ತು ಅತ್ತು ಸುಸ್ತಾಗಿ ಕಿಟಕಿಗೆ ತಲೆಯಿಟ್ಟು ಮಲಗಿದ್ದಳು. ಬೈದದ್ದಕ್ಕೆ ಭಾವನ ಹತ್ತಿರ ಏನಾದರೂ ಹೇಳಬೇಕು ಎಂದು ನಾನು ಮಾತು ಹುಡುಕುತ್ತಿದ್ದೆ. ಅವರೇ ಶುರು ಮಾಡಿದರು.

"ಶ್ರೇಯಾ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ನಿನಗೆ ಗೊತ್ತುಂಟಾ?"

ನಾನು ಅವರ ಮುಖ ನೋಡಿದೆ. ಅವರು ಗುಟ್ಟು ಹೇಳುವವರ ಹಾಗೆ ನನ್ನ ಕಡೆಗೆ ಬಾಗಿದ್ದರು.

"ಹಲ್ಲುಜ್ಜುವಾಗ ಹಾಡ್ತಾಳೆ ಮಾರಾಯ್ತಿ. ಬ್ರಷ್ ಬಾಯಲ್ಲಿಟ್ಟುಕೊಂಡೇ. ಹಂಸ ಕಂಡರೆ ಹೆದರಿಕೆ ಅವಳಿಗೆ, ನೀರಿನ ಇಂಜಿನಿಯರ್ ಆಗುವವಳಿಗೆ. ಮತ್ತೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ, ಥೇಟ್ ನನ್ನ ಅಮ್ಮನ ಹಾಗೆ."

ಮಲಗಿದ್ದ ಅಕ್ಕನತ್ತ ಒಮ್ಮೆ ನೋಡಿ ಹೇಳಿದರು. "ನಾನು ಮೂರು ಗಂಟೆಗೆ ಡ್ಯೂಟಿಗೆ ಏಳುವಾಗ ಅವಳಿಗೆ ನಿದ್ದೆ. ಅವಳು ಟ್ಯೂಷನ್ ಮುಗಿಸಿ ಬರುವಾಗ ನನಗೆ ನಿದ್ದೆ. ಸಣ್ಣದಿರುವಾಗ ಊರಲ್ಲಿದ್ದಳು, ನಾನು ಕ್ಯಾಂಪಿನಲ್ಲಿ. ರಜೆಯಲ್ಲಿ ಊರಿಗೆ ಹೋದರೂ ಇವತ್ತು ಈ ಮನೆ, ನಾಳೆ ಆ ಮನೆ ಅಂತ ಓಡಾಟವೇ. ಹದಿನೆಂಟು ವರ್ಷದಲ್ಲಿ ಏಳು ದಿನ ಒಟ್ಟಿಗೆ ಅವಳನ್ನು ನೋಡಿದ್ದು ಇದೇ ಮೊದಲು. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ನಿನಗೆ ಗೊತ್ತಿತ್ತಾ?"

ನನಗೆ ಎಲ್ಲ ಗೊತ್ತಿತ್ತು. ಊರಿನಲ್ಲಿ ಅವಳನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು ನಾನು. ಅವಳ ಮೊದಲ ಹಲ್ಲು ಬಿದ್ದದ್ದು ನನ್ನ ಅಂಗೈಗೆ. ಹಂಸಕ್ಕಿಂತ ಮೊದಲು ಅವಳು ಬಾತುಕೋಳಿಗೆ, ಅದಕ್ಕಿಂತ ಮೊದಲು ಕೋಳಿಗೆ ಹೆದರುತ್ತಿದ್ದಳು. ಈ ಮನುಷ್ಯನನ್ನು ಇಷ್ಟು ವರ್ಷ ಎಷ್ಟು ಗೇಲಿ ಮಾಡಿದ್ದೆನೋ, ಅಷ್ಟೂ ಪ್ರೀತಿ ಒಟ್ಟಿಗೆ ಬಂತು.

"ಇಲ್ಲ ಭಾವ," ಎಂದೆ. "ನನಗೂ ಗೊತ್ತಿರಲಿಲ್ಲ. ಇನ್ನೆಂತ ಮಾಡ್ತಾಳೆ ಅವಳು? ಹೇಳಿ."

ಭಾವ ಸೀಟಿನಲ್ಲಿ ಸರಿಯಾಗಿ ಕೂತು ಹೇಳತೊಡಗಿದರು.