ಅರವತ್ನಾಲ್ಕನೇ ಪುಟದಲ್ಲಿ ಸತ್ತ ಗೌಡ

ಪುಸ್ತಕ ಬಿಡುಗಡೆ ಸಮಾರಂಭ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಂತ ಒಂದನ್ನೂ ತಪ್ಪಿಸಿಲ್ಲ. ತಪ್ಪಿಸುವುದು ಹೇಗೆ? ಬೆಳಗಾವಿಯಿಂದ ಖಾನಾಪುರದವರೆಗೆ ಯಾರ ಪುಸ್ತಕ ಬಂದರೂ ಅದರ ಮೇಲೆ ಮಾತಾಡುವವನು ನಾನೇ. ಕಾಲೇಜಿನಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಮರ್ಯಾದೆ ಅದೊಂದೇ. “ಸರ್ ಅಂದ್ರ ಓದಿ ಮಾತಾಡೂ ಮನಶ್ಯಾರು” ಎನ್ನುತ್ತಾರೆ ಜನ. ಓದಿ! ಅದೂ ಈ ಪುಸ್ತಕಗಳನ್ನು! ಖಾನಾಪುರದ ನಮ್ಮ ಪ್ರಕಾಶಕ ಗುರುಸಿದ್ದಪ್ಪನವರು ವರ್ಷಕ್ಕೆರಡು ಸಲ ಹೊಸ ಪುಸ್ತಕಗಳನ್ನು ಹೊರಹಾಕುತ್ತಾರೆ. ಮುಖಪುಟದಲ್ಲಿ ಸೂರ್ಯ ಮುಳುಗುತ್ತಿರುತ್ತಾನೆ, ಹಿಂಬದಿಯಲ್ಲಿ ಲೇಖಕ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಾನೆ. ನಡುವೆ ಇರುವುದನ್ನೆಲ್ಲ ಓದಲು ನನಗೇನು ತಲೆ ಕೆಟ್ಟಿದೆಯೇ? ಮುನ್ನುಡಿ, ಮೊದಲ ಹತ್ತು ಪುಟ, ಕೊನೆಯ ಪುಟ. ಇಷ್ಟು ನೋಡಿಕೊಂಡರೆ ಅರ್ಧ ಗಂಟೆಯ ಭಾಷಣಕ್ಕೆ ಧಾರಾಳವಾಯಿತು.

ಈ ಸಲ ಕಾದಂಬರಿ. ಬರೆದವರು ಊರಿನ ಜಮೀನು ಲೆಕ್ಕ ನೋಡುತ್ತಿದ್ದ ನಿವೃತ್ತ ತಲಾಟಿಯೊಬ್ಬರು. ಜೀವಮಾನವೆಲ್ಲ ಹೊಲದ ಉತಾರ ಬರೆದ ಕೈಗೆ ಕಾದಂಬರಿ ಯಾವ ಲೆಕ್ಕ! ಭಾನುವಾರ ಬೆಳಿಗ್ಗೆ ಬೆಳಗಾವಿಯ ಮಹಾಂತೇಶ ನಗರದ ಮನೆಯಿಂದ ಹೊರಡುವಾಗ ಹೆಂಡತಿ, “ಪೂರ್ತಿ ಓದೀರೇನ್ರಿ?” ಎಂದು ಕೇಳಿದಳು.

“ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದ ಅಗಳ ಹಿಚಕಿದ್ರ ಸಾಕು” ಎಂದೆ.

“ಅಗಳ ಹಿಚಕಿ ಊಟಾನ ಆತು ಅಂತ ತೇಗಬ್ಯಾಡ್ರಿ ಮತ್ತ” ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಬಸ್ಸಿಗೆ ಹೊತ್ತಾಗಿತ್ತು.

ಖಾನಾಪುರದ ಸಭಾಭವನದಲ್ಲಿ ನಲವತ್ತು ಜನ ಇದ್ದರು. ಅರ್ಧದಷ್ಟು ಮಂದಿ ತಲಾಟಿಯವರ ಬೀಗರು, ಉಳಿದವರು ಉಪ್ಪಿಟ್ಟಿನ ವಾಸನೆಗೆ ಬಂದವರು. ನನ್ನ ಭಾಷಣ ರಂಗೇರಿತು. “ಈ ಕಾದಂಬರಿಯ ಓಟ ಎಲ್ಲಿಯೂ ಕಡಿಯುವುದಿಲ್ಲ. ಒಂದೇ ಒಂದು ಪುಟವನ್ನು ಕೂಡಿಸುವಂತಿಲ್ಲ, ತೆಗೆಯುವಂತಿಲ್ಲ!” ಎಂದೆ. ಚಪ್ಪಾಳೆ ಬಿತ್ತು. ಈ ವಾಕ್ಯವನ್ನು ನಾನು ಎಷ್ಟು ಪುಸ್ತಕಗಳಿಗೆ ಬಳಸಿದ್ದೇನೋ ನನಗೇ ನೆನಪಿಲ್ಲ. ಎಲ್ಲಕ್ಕೂ ಸರಿಯಾಗಿ ಹೊಂದುತ್ತದೆ.

ಆಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಪಾರಿಶ್ವಾಡದ ಟೇಲರ್ ದಾದಾಪೀರ್. ಗುರುಸಿದ್ದಪ್ಪನವರ ಪುಸ್ತಕಗಳನ್ನು ಬಿಡುಗಡೆಗೆ ಮೊದಲೇ ದುಡ್ಡು ಕೊಟ್ಟು ಒಯ್ಯುವ ಏಕೈಕ ಗಿರಾಕಿ. “ಸರ್, ಒಂದ ಸಂಶೆ ಐತ್ರಿ. ಅರವತ್ನಾಲ್ಕನೇ ಪುಟದಾಗ ಗೌಡ ಹಾವು ಕಡದು ಸಾಯ್ತಾನ. ನನಗ ಖರೇನ ಕಣ್ಣಾಗ ನೀರು ಬಂತ್ರಿ. ಹಾಳಿ ತಿರುವಿದ್ರ ಆಂವಾ ಎದ್ದು ಎಮ್ಮಿ ಹಿಂಡಾಕತ್ಯಾನ. ಹೆಂಗ್ರಿ ಇದು?”

ಗೌಡ ಎಂಬೊಬ್ಬ ಅದರಲ್ಲಿ ಇದ್ದಾನೆಂದೇ ನನಗೆ ಗೊತ್ತಿರಲಿಲ್ಲ. ಆದರೂ ನಾನು ಮೂವತ್ತು ವರ್ಷ ಪಾಠ ಹೇಳಿದವನು. “ನೋಡ್ರಿ, ಸತ್ತವರು ನೆನಪಿನಲ್ಲಿ ಮತ್ತೆ ಬದುಕುತ್ತಾರೆ. ಇದು ಲೇಖಕರ ಹೊಸ ತಂತ್ರ” ಎಂದೆ. ಪಕ್ಕದಲ್ಲಿ ಕೂತಿದ್ದ ತಲಾಟಿಯವರು, “ಹೌದ್ಹೌದು, ತಂತ್ರಾನ ಅದು” ಎಂದು ಜೋರಾಗಿ ತಲೆಯಾಡಿಸಿದರು. ಮತ್ತೆ ಚಪ್ಪಾಳೆ.

“ತಂತ್ರಾ ಅಂದ್ರ ಇರಲಿ ಬಿಡ್ರಿ” ಎಂದರು ದಾದಾಪೀರ್ ಬಹಳ ಮರ್ಯಾದೆಯಿಂದ. “ಆದ್ರ ನಲವತ್ತೊಂಬತ್ತರಿಂದ ಅರವತ್ನಾಲ್ಕರ ತನಕ ಎರಡೆರಡು ಸಲ ಐತ್ರಿ. ಅದರ ಮುಂದ ಒಮ್ಮಿಗೇ ಎಂಬತ್ತೊಂದು. ನಡುವಿನ ಹದಿನಾರು ಪುಟ ಎಲ್ಲಿ ಹೋದುವ್ರಿ?”

ಎಲ್ಲರೂ ಪುಸ್ತಕ ತೆರೆದು ನೋಡಿದರು. ಹಾಳೆ ಸರಸರ ಎನ್ನುವ ಸದ್ದು ಆ ಸಭಾಭವನದಲ್ಲಿ ಅದೇ ಮೊದಲ ಸಲ ಕೇಳಿದ್ದು. ಎಲ್ಲ ಪ್ರತಿಗಳಲ್ಲೂ ಅದೇ ಕಥೆ! ಹದಿನಾರು ಪುಟದ ಒಂದು ಫಾರ್ಮನ್ನು ಎರಡು ಸಲ ಹೊಲಿದು ಮುಂದಿನದನ್ನು ಕೈಬಿಟ್ಟಿದ್ದರು. ತಲಾಟಿಯವರು ತಮ್ಮ ಫೋಟೋ ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿಕೊಂಡಿದ್ದರಂತೆ. ನನ್ನ ಮುಖ ನೋಡಿ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ‘ಓದಿ ಮಾತಾಡೂ ಮನಶ್ಯಾ’ನ ಮರ್ಯಾದೆ ಅಲ್ಲಿಗೆ ಮೂರಾಬಟ್ಟೆಯಾಯಿತು.

ಉಪ್ಪಿಟ್ಟಿನ ಹೊತ್ತಿಗೆ ನಾನು ಗುರುಸಿದ್ದಪ್ಪನವರನ್ನು ಹಿಡಿದುಕೊಂಡು ಬೈದೆ. “ಪುಸ್ತಕಾ ಮಾಡ್ತೀರೋ, ಚುರುಮುರಿ ಪೊಟ್ಟಣಾ ಕಟ್ತೀರೋ? ಬರದಾಂವ ಓದಂಗಿಲ್ಲ, ಅಚ್ಚ ಹಾಕಿದಾಂವ ಓದಂಗಿಲ್ಲ, ನಾಚಿಕಿ ಬರೂದಿಲ್ಲೇನ್ರಿ?” ಅವರು ತಲೆ ತಗ್ಗಿಸಿ ನಿಂತರು. ನನಗೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ದಾದಾಪೀರ್ ಹತ್ತಿರ ಬಂದರು.

“ತಪ್ಪ ತಿಳಿಬ್ಯಾಡ್ರಿ ಸರ್. ಮೂರು ವರ್ಷದ ಹಿಂದ ನಿಮ್ಮ ಪ್ರಬಂಧದ ಪುಸ್ತಕಾ ಬಂದಿತ್ತಲ್ಲ, ಅದರಾಗೂ ಹಿಂಗ ಆಗಿತ್ರಿ. ಬರದವ್ರಿಗೆ ಗೊತ್ತ ಇರತೈತಿ ಅಂತ ನಾ ಸುಮ್ನಿದ್ನಿ. ಇವತ್ತ ನಿಮ್ಮ ಮಾತು ಕೇಳಿ, ಗೊತ್ತಿರ್ಲಿಕ್ಕಿಲ್ಲ ಅನಿಸ್ತು.”

ಉಪ್ಪಿಟ್ಟಿನ ತಟ್ಟೆ ಅಲ್ಲೇ ಬಿಟ್ಟು ಬಸ್ಸು ಹಿಡಿದೆ. ಮನೆಗೆ ಬಂದವನೇ ಮಂಚದ ಕೆಳಗಿದ್ದ ನನ್ನ ಪುಸ್ತಕದ ಕಟ್ಟನ್ನು ಎಳೆದು ಬಿಚ್ಚಿದೆ. ನಿಜ. ಮೂವತ್ತಮೂರರಿಂದ ನಲವತ್ತೆಂಟರವರೆಗೆ ಎರಡೆರಡು ಸಲ, ಅಲ್ಲಿಂದ ನೇರ ಅರವತ್ತೈದು. ಈ ಪುಸ್ತಕವನ್ನು ಮೆಚ್ಚಿ ಬಂದ ಹನ್ನೊಂದು ಪತ್ರಗಳನ್ನು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೇನೆ. ಎಂಥ ಪಾಪಿಗಳು, ಒಬ್ಬರಾದರೂ ಓದಬಾರದೇ!

ಹೆಂಡತಿ ಪಕ್ಕದಲ್ಲಿ ಬಂದು ಕೂತು, “ಅಯ್ಯ, ಕಳದ ಪುಟದಾಗ ಏನ ಬರದಿದ್ರಿ?” ಎಂದು ಕೇಳಿದಳು. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ನಾನು ತುಂಬ ಹೊತ್ತು ಯೋಚಿಸಿದೆ. ಒಂದು ಸಾಲೂ ನೆನಪಿಗೆ ಬರಲಿಲ್ಲ. ದಾದಾಪೀರರನ್ನು ಕೇಳೋಣವೆಂದರೆ, ಆ ಹದಿನಾರು ಪುಟಗಳನ್ನು ಮಾತ್ರ ಪಾಪ ಅವರೂ ಓದಿಲ್ಲ.