ಬೋರ್ಡಿಲ್ಲದ ಅಂಗಡಿಯ ಕನ್ನಡಕ

ಜಾಹೀರಾತು ಕೊಡುವ ಅಂಗಡಿಯ ಹೊಸ್ತಿಲನ್ನು ಈ ಜನ್ಮದಲ್ಲಿ ತುಳಿಯುವುದಿಲ್ಲವೆಂದು ಪ್ರೂಫ್ ರಾಯರು ಘನಘೋರ ಪ್ರತಿಜ್ಞೆ ಮಾಡಿದ್ದು, ತಮ್ಮ ಕನ್ನಡಕದ ಮೇಲೆ ತಾವೇ ಕೂತ ಮರುಗಳಿಗೆಯಲ್ಲಿ. ‘ಕರಕ್’ ಎಂದಾಗ ಎದ್ದು ನೋಡಿದರು. ಕುರ್ಚಿಯ ಮೇಲೆ ಏನೋ ಚೂರುಗಳು ಬಿದ್ದಂತಿತ್ತು. ಏನೆಂದು ಕಾಣಬೇಕಾದರೆ ಕನ್ನಡಕ ಬೇಕಿತ್ತು.

“ದೊಡ್ಡ ರಸ್ತೆಯ ಕನ್ನಡಕದ ಅಂಗಡಿಗೆ ಹೋಗ್ಬನ್ನಿ,” ಎಂದರು ಹೆಂಡತಿ. “ಎಲ್ಲಿ ನೋಡಿದ್ರೂ ಅವರದ್ದೇ ಜಾಹೀರಾತು. ನಂಗೂ ಒಂದು ಬೇಕು. ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ.”

“ಎಲ್ಲಿ ನೋಡಿದ್ರೂ ಇದೆ ಅಂತಾನೇ ಹೋಗಲ್ಲ ಅಂದಿದ್ದು. ಆ ಬೋರ್ಡಿನ ಮೇಲೆ ಒಬ್ಬ ನಟಿ ಹಲ್ಲು ಕಿರೀತಾಳಲ್ಲ, ಅದರ ದುಡ್ಡು ಯಾರು ಕೊಡ್ತಾರೆ ಗೊತ್ತಾ? ನನ್ನ ಮೂಗು.”

“ನಿಮ್ಮ ಮೂಗಿಗೆ ಅಷ್ಟು ಸಂಪಾದನೆ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ.”

ರಾಯರು ಮಾತನಾಡಿದ್ದು ಅನುಭವದಿಂದಲೇ. ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಊರಿನ ಸಮಸ್ತ ಅಂಗಡಿಗಳ ಜಾಹೀರಾತು ಚೀಟಿಗಳೂ ಅವರ ಕೆಂಪು ಪೆನ್ನಿನ ಕೆಳಗೆ ತಲೆ ತಗ್ಗಿಸಿಯೇ ಲೋಕಕ್ಕೆ ಹೋಗಬೇಕು. ಹೊಳೆಯುವ ಕಾಗದಕ್ಕೆ, ನಾಲ್ಕು ಬಣ್ಣಕ್ಕೆ ಏನು ಬೀಳುತ್ತದೆಂದು ಬಲ್ಲವರು. ಅಷ್ಟೂ ಖರ್ಚು ಕೊನೆಗೆ ಗಿರಾಕಿಯ ತಲೆಗೇ ಬರುತ್ತದೆಂದು ಅವರು ವರ್ಷಗಟ್ಟಲೆ ಉಪನ್ಯಾಸ ಕೊಟ್ಟಿದ್ದರು. ಕೇಳುವವರು ಹೆಂಡತಿಯೊಬ್ಬರೇ.

ಮರುದಿನ ಕಣ್ಣಿಲ್ಲದೆಯೇ ಕೆಲಸಕ್ಕೆ ಹೋದರು. ಕನ್ನಡಕವಿಲ್ಲವೆಂದು ಹೇಳಿದ್ದರೆ ಮಾಲೀಕರು ಮನೆಗೆ ಕಳಿಸುತ್ತಿದ್ದರು. ಆದರೆ ಹೇಳಲು ಮಾನ ಬಿಡಬೇಕಲ್ಲ. ಮಾಲೀಕರು ತಂದಿಟ್ಟ ಕರಡು ಬೇರೆ ಯಾರದೂ ಅಲ್ಲ, ಅದೇ ಕನ್ನಡಕದ ಅಂಗಡಿಯದು.

“ಅರ್ಜೆಂಟು ರಾಯರೇ. ಇವತ್ತೇ ಅಚ್ಚಾಗಿ, ನಾಳೆ ಬೆಳಗ್ಗೆ ಮನೆಮನೆಗೆ ಹೋಗಬೇಕು.”

ರಾಯರಿಗೆ ಹಾಳೆಯ ಮೇಲೆ ಇರುವೆ ಸಾಲು ಕಾಣಿಸಿತು. ಕಣ್ಣು ಕೈಕೊಟ್ಟರೇನು, ಅನುಭವವಿಲ್ಲವೆ? ಇಲ್ಲಿ ‘ಸುವರ್ಣಾವಕಾಶ’ ಇರಬೇಕು, ಅಲ್ಲಿ ‘ತ್ವರೆ ಮಾಡಿ’ ಇರಬೇಕು ಎಂದು ಅಂದಾಜಿನಲ್ಲೇ ತಲೆಯಾಡಿಸುತ್ತ, ಕೊನೆಗೆ ಭರ್ಜರಿಯಾಗಿ ರುಜು ಹಾಕಿ ಕೊಟ್ಟರು.

ಸಂಜೆ ಯಂತ್ರ ಓಡಿಸುವವನು ಒಂದು ಗುಟ್ಟು ಹೇಳಿದ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಬ್ಬ ಕನ್ನಡಕದವನಿದ್ದಾನೆ. ಜಾಹೀರಾತು ಹಾಗಿರಲಿ, ಬಾಗಿಲಿಗೆ ಬೋರ್ಡೂ ಇಲ್ಲ. ರಾಯರ ಎದೆಯಲ್ಲಿ ಹಾಲು ಉಕ್ಕಿತು. ಬೋರ್ಡಿನ ಖರ್ಚೂ ಇಲ್ಲದ ಮಹಾತ್ಮ!

ಆದರೆ ಬೋರ್ಡಿಲ್ಲದ ಅಂಗಡಿಯನ್ನು ಕನ್ನಡಕವಿಲ್ಲದವರು ಹುಡುಕುವುದು ಹೇಗೆ? ಓಣಿಯ ಬಾಗಿಲುಗಳೆಲ್ಲ ಒಂದೇ ಮಬ್ಬಾಗಿದ್ದವು. ಒಂದರೊಳಗೆ ದೊಡ್ಡ ಕುರ್ಚಿ, ಎದುರಿಗೆ ಕನ್ನಡಿ, ಮೇಲೆ ಬಿಳಿ ದೀಪ ಕಂಡಂತಾಯಿತು. ಕಣ್ಣು ಪರೀಕ್ಷೆಗೆ ಇನ್ನೇನು ಬೇಕೆಂದು ಒಳಗೆ ಹೊಕ್ಕರು.

“ಬನ್ನಿ ಸಾರ್, ಕೂತ್ಕೊಳ್ಳಿ,” ಎಂದಿತು ಒಂದು ಆಕೃತಿ. ಕುತ್ತಿಗೆಗೆ ಬಟ್ಟೆ ಸುತ್ತಿತು. ಕಣ್ಣಿಗೆ ಔಷಧಿ ಬಿಡುವಾಗ ಅಂಗಿ ಹಾಳಾಗಬಾರದೆಂದು ಎಷ್ಟು ಕಾಳಜಿ ಎಂದುಕೊಂಡರು ರಾಯರು.

“ತುಂಬ ದಿನ ಆಗಿದೆ ಅನ್ಸುತ್ತೆ ಸಾರ್.”

“ಹೌದಪ್ಪ, ಎರಡು ವರ್ಷ ಆಯ್ತು.”

ಆಕೃತಿ ಅವರ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. “ನಂಬರ್ ಎಷ್ಟು ಸಾರ್?”

“ಒಂದೂವರೆ ಇತ್ತು. ಈಗ ಏರಿರಬಹುದು.”

“ಒಂದೂವರೆ ಇಲ್ಲ. ಒಂದು ಇದೆ, ಎರಡು ಇದೆ.”

“ನೀನೇ ನೋಡಿ ಹಾಕಪ್ಪ. ಹತ್ತಿರದ್ದು ಚೆನ್ನಾಗಿರಬೇಕು, ಅಷ್ಟೇ.”

“ಹತ್ತಿರಕ್ಕೇ ಬೇಕಾ? ಹಾಗಾದ್ರೆ ಒಂದೇ ಸರಿ,” ಎಂದು ಆಕೃತಿ ಏನನ್ನೋ ಗುರ್ ಎನಿಸಿತು. ಈಗಿನ ಕಾಲಕ್ಕೆ ಕಣ್ಣು ಪರೀಕ್ಷೆಗೂ ಯಂತ್ರ ಬಂದಿದೆಯಲ್ಲ ಎಂದು ರಾಯರು ಮೆಚ್ಚುವಷ್ಟರಲ್ಲಿ, ಅದು ಹಣೆಯಿಂದ ಹೊರಟು ನಡುನೆತ್ತಿಯ ಮೇಲೆ ರಾಜಮಾರ್ಗ ತೆರೆದು ಹಿಂದಕ್ಕೆ ಇಳಿದಿತ್ತು. ತೊಡೆಯ ಮೇಲೆ ಬೆಕ್ಕಿನ ಮರಿಯಂಥದೇನೋ ಬಿತ್ತು. ಮುಟ್ಟಿ ನೋಡಿದರು. ಅವರದೇ ಕೂದಲು. ಕೂದಲು ಕತ್ತರಿಸುವ ಯಂತ್ರಕ್ಕೂ ನಂಬರ್ ಇರುತ್ತದೆಂದು ಆಗ ಹೊಳೆಯಿತು.

ಅರ್ಧಕ್ಕೆ ನಿಲ್ಲಿಸಿದರೆ ಅದಕ್ಕಿಂತ ಅಧ್ವಾನವೆಂದು ಕ್ಷೌರಿಕನೇ ಬುದ್ಧಿ ಹೇಳಿ, ಉಳಿದದ್ದನ್ನೂ ಬೋಳಿಸಿ, ಪಾಪ, ಕೈ ಹಿಡಿದು ಪಕ್ಕದ ಬಾಗಿಲಿಗೆ ಬಿಟ್ಟುಬಂದ.

ಕನ್ನಡಕದವನು ಕೆಲಸಗಾರನೇ. ಅಳೆದು, ತೂಗಿ, ಗಾಜು ಕೂರಿಸಿ ಮೂಗಿಗೆ ಏರಿಸಿದ. ರಾಯರಿಗೆ ಲೋಕ ಕಂಡಿತು. ಜೊತೆಗೆ ಕನ್ನಡಿಯಲ್ಲಿ ತಮ್ಮ ತಲೆಯೂ ಕಂಡಿತು. ಬೆಲೆ ಕೇಳಿದಾಗ ಮಾತ್ರ ಮತ್ತೆ ಕಣ್ಣು ಮಂಜಾಯಿತು.

“ಎರಡು ಸಾವಿರದ ಇನ್ನೂರಾ? ನಿನಗೆ ಜಾಹೀರಾತಿನ ಖರ್ಚೇ ಇಲ್ವಲ್ಲಯ್ಯ?”

“ಇಲ್ಲ ಸಾರ್, ಹಾಗಾಗಿ ಗಿರಾಕೀನೂ ಇಲ್ಲ. ವಾರಕ್ಕೆ ಒಬ್ಬರು ಬಂದ್ರೆ ಹೆಚ್ಚು. ತಿಂಗಳ ಬಾಡಿಗೆ ಅವರ ಮೇಲೇ ಬೀಳಬೇಕಲ್ಲ. ನಾನಾದ್ರೂ ಏನು ಮಾಡ್ಲಿ?”

ರಾಯರು ಜೇಬು ತಡವಿದರು. ಬೇರೆ ಕಡೆ ಎಷ್ಟಿದೆ ನೋಡಿ ಬರುತ್ತೇನೆಂದು ಎದ್ದು ಹೋಗಬಹುದಿತ್ತು. ಆದರೆ ಬೇರೆ ಕಡೆ ಎಂದರೆ ಆ ನಟಿಯ ಅಂಗಡಿ, ಇಲ್ಲವೇ ಅಂಥದೇ ಜಾಹೀರಾತಿನ ಇನ್ನೊಂದು. ಪ್ರತಿಜ್ಞೆಗಾಗಿ ಕೂದಲನ್ನೇ ತೆತ್ತವರಿಗೆ ದುಡ್ಡು ಯಾವ ಲೆಕ್ಕ? ಕೊಟ್ಟು ಬಂದರು.

ಹೆಂಡತಿ ಬಾಗಿಲನ್ನು ಅರ್ಧ ಮಾತ್ರ ತೆರೆದರು.

“ಯಾರು ಬೇಕಾಗಿತ್ತು?”

“ನಾನೇ ಕಣೇ.”

“ಕನ್ನಡಕಕ್ಕೆ ದುಡ್ಡು ಸಾಲದೆ ಕೂದಲು ಮಾರಿದ್ರಾ?”

ಬೆಲೆ ಎಷ್ಟೆಂದು ಅವರು ಕೇಳುವ ಮೊದಲೇ ರಾಯರು ಮುಸುಕು ಹೊದ್ದು ಮಲಗಿದರು.

ಬೆಳಗ್ಗೆ ಕೆಲಸಕ್ಕೆ ಹೋದರೆ ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಅಚ್ಚಾದ ಚೀಟಿ. ಮುಖ ಬೆಂದ ಬದನೆಕಾಯಿ.

“ಓದಿ ರಾಯರೇ. ಈಗಲಾದ್ರೂ ಓದಿ.”

ಹೊಸ ಕನ್ನಡಕದಲ್ಲಿ ಎಲ್ಲವೂ ಸ್ಫಟಿಕದಷ್ಟು ನಿಚ್ಚಳ. ಕನ್ನಡಕದ ಬೆಲೆ ಹದಿನೆಂಟುನೂರು ಇರಬೇಕಾದಲ್ಲಿ ಎಂಟುನೂರು ಎಂದಿತ್ತು.

“ಒಂದೇ ತಪ್ಪಲ್ವಾ ಸಾರ್?” ಎಂದರು ಮೆಲ್ಲಗೆ.

“ಹೌದು, ‘ಒಂದೇ’ ತಪ್ಪಿಹೋಗಿರೋದು. ಸಾವಿರದ ಸ್ಥಾನದಲ್ಲಿದ್ದ ಒಂದು. ಅಂಗಡಿ ಮುಂದೆ ಜನಜಾತ್ರೆ ಸೇರಿದೆಯಂತೆ. ಅಂಗಡಿಯವರು ಸಂಜೆ ಇಲ್ಲಿಗೇ ಬರ್ತಾರೆ. ನಷ್ಟ ಕೇಳಿದ್ರೆ ನಾನು ಈ ಯಂತ್ರ ಮಾರಬೇಕು, ನೀವು ಬೇರೆ ಕೆಲಸ ನೋಡ್ಕೋಬೇಕು.”

ಇಡೀ ದಿನ ರಾಯರ ಬೋಳು ತಲೆ ಬೆವರಿತು. ಸಂಜೆ ಕನ್ನಡಕದ ಅಂಗಡಿಯವರು ಬಂದೇಬಿಟ್ಟರು. ರಾಯರು ಎದ್ದು ನಿಂತು ಕೈ ಮುಗಿದರು.

“ಕರಡು ತಿದ್ದಿದ್ದು ನೀವಾ?” ಎಂದರು ಬಂದವರು, ಸುಸ್ತಾಗಿ ಕುರ್ಚಿಗೆ ಒರಗುತ್ತ. “ಬೆಳಗ್ಗೆ ನಿಮ್ಮನ್ನ ಹುಡುಕಿ ಹೊಡೀಬೇಕು ಅಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೂಲೇಲಿ ಕೊಳೀತಿದ್ದ ಮಾಲೆಲ್ಲ ಖಾಲಿ. ಒಂದೊಂದರ ಮೇಲೆ ಲಾಭ ಚೂರೇ, ಆದ್ರೆ ಮಾರಿದ್ದು ರಾಶಿ. ಎದುರಿನ ಅಂಗಡಿಯವನೂ ವಿಧಿಯಿಲ್ಲದೆ ಎಂಟುನೂರಕ್ಕೇ ಇಳಿದಿದ್ದಾನೆ. ಅದೇ ಬೆಲೆ ಇರಲಿ. ಇನ್ನಷ್ಟು ಚೀಟಿ ಅಚ್ಚು ಹಾಕಿ.”

ಕೆಲಸ ಉಳಿಯಿತು. ಸಿದ್ಧಾಂತ ಮಾತ್ರ ನೆಲ ಕಚ್ಚಿತು.

ಮನೆಗೆ ಬಂದರೆ ಹೆಂಡತಿ ಕಿಟಕಿಯ ಬಳಿ ಕೂತು ಸರಾಗವಾಗಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂಗಿನ ಮೇಲೆ ಹೊಸ ಕನ್ನಡಕ.

“ಎಂಟುನೂರು,” ಎಂದರು ಕೇಳದೆಯೇ. “ಚೀಟಿ ಬಾಗಿಲಿಗೇ ಬಂದಿತ್ತು. ನಿಮ್ಮದೆಷ್ಟು?”

ರಾಯರು ಸುಳ್ಳು ಹೇಳಲು ಬಾಯಿ ತೆರೆದರು. ಬರಲಿಲ್ಲ. ನಿಜವನ್ನೇ ಹೇಳಿದರು, ಬಾಡಿಗೆಯ ಕಥೆಯನ್ನೂ ಹೇಳಿದರು. ಹೆಂಡತಿ ನಗಲಿಲ್ಲ. ಎದ್ದು ಬಂದು ಗಂಡನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಬೋಳು ತಲೆಯಿಂದ ಗಡ್ಡದವರೆಗೆ ಸಾವಕಾಶವಾಗಿ ಪರೀಕ್ಷಿಸಿದರು.

“ಹೋಗ್ಲಿ ಬಿಡ್ರಿ. ನಮ್ಮಪ್ಪನೂ ಹಾಗೇ ಮೋಸ ಹೋಗಿದ್ದು. ನಿಮ್ಮ ಬಗ್ಗೆ ಎಲ್ಲೂ ಜಾಹೀರಾತೇ ಇರಲಿಲ್ಲ. ಗಂಡು ಅಗ್ಗಕ್ಕೆ ಸಿಕ್ತು ಅಂತ ನನ್ನ ಕಟ್ಟಿಬಿಟ್ಟರು. ಬೇರೆ ಕಡೆ ವಿಚಾರಿಸೋ ಬುದ್ಧಿ ಅವರಿಗೂ ಇರಲಿಲ್ಲ.”